ಡಿಸ್ಕಿನಲ್ಲಿ ಇಲ್ಲದ ಜಾಗ, ಹೆಸರಿನಲ್ಲಿ ಇದ್ದ ಜಾಗ: ಒಂದು ಪ್ರಕರಣ

ಏಳು ಜನ ಡೆವಲಪರ್‌ಗಳ ಒಂದು ಟೀಮ್, ಒಂದು ಲಿನಕ್ಸ್ ಸರ್ವರ್, ಅದರ ಮೇಲೆ ಹಗಲೂ ರಾತ್ರಿ ಓಡುವ ಒಂದು ಸರ್ವಿಸ್. ಆ ಏಳು ಜನರಲ್ಲಿ ನಾನೂ ಒಬ್ಬ. ಇಲ್ಲಿ ಜನರ ಹೆಸರು, ಫೈಲುಗಳ ಹೆಸರು, ಸರ್ವಿಸ್ ಮಾಡುವ ಕೆಲಸ ಎಲ್ಲವನ್ನೂ ಬದಲಾಯಿಸಿದ್ದೇನೆ. ಮುಖ್ಯವಾದ ಇಬ್ಬರನ್ನು ಕ ಮತ್ತು ಮ ಎಂದು ಕರೆಯುತ್ತೇನೆ. ಕ ಟೀಮಿಗೆ ಸೇರಿ ಮೂರು ತಿಂಗಳಾಗಿತ್ತು. ಮ ನಮ್ಮಲ್ಲೆಲ್ಲ ಹಳಬರು.

ಇನ್ನೊಂದು ಮಾತು. ಕಮಾಂಡುಗಳನ್ನು ನಾವು ಬಾಯಲ್ಲಿ ಹೇಳುವ ಹಾಗೆಯೇ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಅವನ್ನು ಕಾಪಿ ಮಾಡಿ ಟರ್ಮಿನಲ್ಲಿಗೆ ಅಂಟಿಸಿದರೆ ಏನೂ ಓಡುವುದಿಲ್ಲ. ಓದಿ, ಅರ್ಥ ಮಾಡಿಕೊಂಡು, ನೀವೇ ಟೈಪ್ ಮಾಡಬೇಕು. ಈ ಪ್ರಕರಣಕ್ಕೆ ಅದೇ ಸರಿ.

ಹಿನ್ನೆಲೆ

ನಮ್ಮ ಟೀಮಿನಲ್ಲಿ ಒಂದು ‘ತುಣುಕುಗಳ ಫೈಲು’ ಇತ್ತು. ಪದೇ ಪದೇ ಬೇಕಾಗುವ ಕಮಾಂಡುಗಳನ್ನು ಯಾರಾದರೂ ಅದಕ್ಕೆ ಸೇರಿಸುತ್ತಿದ್ದರು. ಯಾವ ಪೋರ್ಟ್ ಯಾರ ಹಿಡಿತದಲ್ಲಿದೆ ಎಂದು ನೋಡುವುದು, ದೊಡ್ಡ ಫೈಲುಗಳನ್ನು ಹುಡುಕುವುದು, ತಪ್ಪಿ ಮಾಡಿದ ಕಮಿಟ್ (ದಾಖಲಿಸಿದ ಕೋಡ್ ಬದಲಾವಣೆ) ಹಿಂದಕ್ಕೆ ತೆಗೆದುಕೊಳ್ಳುವುದು, ಇಂಥವು. ನಾಲ್ಕು ವರ್ಷದಲ್ಲಿ ಇನ್ನೂರು ಸಾಲು ಬೆಳೆದಿತ್ತು. ಬದಲಾವಣೆಗಳ ಚರಿತ್ರೆ ಇಟ್ಟುಕೊಳ್ಳುವ ಗಿಟ್‌ನಲ್ಲೇ ಇತ್ತು. ಹೊಸಬರು ಬಂದರೆ ಮೊದಲು ಕೊಡುತ್ತಿದ್ದುದು ಅದನ್ನೇ. ‘ಎಲ್ಲ ಇದರಲ್ಲಿದೆ, ನೋಡಿಕೊಳ್ಳಿ’ ಎನ್ನುತ್ತಿದ್ದೆವು. ಒಂದು ಸಾಲಿನ ತಲೆಬರಹ, ಅದರ ಕೆಳಗೆ ಕಮಾಂಡು. ಅಷ್ಟೇ.

ಸರ್ವಿಸ್ ಬಗ್ಗೆ ತಿಳಿಯಬೇಕಾದದ್ದು ಎರಡೇ ವಿಷಯ. ಅದು ಬಂದ ಕೆಲಸಗಳನ್ನೆಲ್ಲ ಒಂದು ಎಸ್‌ಕ್ಯೂಲೈಟ್ ಡೇಟಾಬೇಸಿನಲ್ಲಿ ಸಾಲು ಹಚ್ಚಿ ಇಡುತ್ತಿತ್ತು. ಆ ಫೈಲಿಗೆ ‘ಕ್ಯೂ.ಡಿಬಿ’ ಎನ್ನೋಣ, ಸುಮಾರು 640 ಎಂಬಿ. ಎರಡನೆಯದು ಲಾಗ್, ಅಂದರೆ ಸರ್ವಿಸ್ ತಾನು ಮಾಡುವುದನ್ನು ಬರೆದಿಡುವ ಫೈಲು. ಒಂದು ವಾರದ ಹಿಂದೆ ಯಾವುದೋ ತೊಂದರೆ ಹುಡುಕಲು ಎಲ್ಲವನ್ನೂ ವಿವರವಾಗಿ ಬರೆಯುವ ಡೀಬಗ್ ಲಾಗ್ ಆನ್ ಮಾಡಿದ್ದೆವು. ಆಫ್ ಮಾಡಲು ಮರೆತಿದ್ದೆವು. ಹಳೆಯ ಲಾಗ್‌ಗಳನ್ನು ತಾನಾಗಿಯೇ ತೆಗೆಯುವ ಲಾಗ್‌ರೊಟೇಟ್ ಇತ್ತು, ಆದರೆ ಅದರ ಸೆಟ್ಟಿಂಗ್ ‘.ಲಾಗ್’ ಎಂದು ಕೊನೆಯಾಗುವ ಹೆಸರುಗಳನ್ನು ಮಾತ್ರ ನೋಡುತ್ತಿತ್ತು. ಡೀಬಗ್ ಲಾಗಿನ ಹೆಸರು ‘.ಡೀಬಗ್’ ಎಂದು ಕೊನೆಯಾಗುತ್ತಿತ್ತು.

ಬೆಳಿಗ್ಗೆ ಏಳಕ್ಕೆ

ರಾತ್ರಿ ಸುಮಾರು ಒಂದೂ ಮುಕ್ಕಾಲಿಗೆ 50 ಜಿಬಿ ಡಿಸ್ಕ್ ಪೂರ್ತಿ ತುಂಬಿತ್ತು. ಬೆಳಿಗ್ಗೆ ಡ್ಯೂಟಿಯಲ್ಲಿದ್ದ ಕ ಅಲರ್ಟ್ ನೋಡಿದಾಗ ಏಳು ಗಂಟೆ. ಲಾಗ್ ತುಂಬ ಒಂದೇ ಸಾಲು: ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್.

ಅವರು ಶುರು ಮಾಡಿದ ರೀತಿ ಸರಿಯಾಗಿಯೇ ಇತ್ತು. ಡಿಸ್ಕ್ ಎಷ್ಟು ತುಂಬಿದೆ ಎಂದು ಹೇಳುವ ‘ಡಿಎಫ್ -ಎಚ್’ ಹಾಕಿದರು, 100% ಎಂದು ಬಂತು. ‘ಡಿಎಫ್ -ಐ’ ಹಾಕಿ ಐನೋಡ್‌ಗಳು (ಪ್ರತಿ ಫೈಲಿಗೂ ಒಂದರಂತೆ ಬೇಕಾಗುವ ನಂಬರುಗಳು) ಮುಗಿದಿಲ್ಲ ಎಂದು ಖಚಿತ ಮಾಡಿಕೊಂಡರು. ಇದನ್ನು ಅನುಭವಸ್ಥರೂ ಎಷ್ಟೋ ಸಲ ಮರೆಯುತ್ತಾರೆ. ಚಿಕ್ಕ ಚಿಕ್ಕ ಫೈಲು ಲಕ್ಷಗಟ್ಟಲೆ ಇದ್ದರೆ ಜಾಗ ಇದ್ದೂ ಇದೇ ಎರರ್ ಬರುತ್ತದೆ. ಆಮೇಲೆ ಯಾವುದು ಎಷ್ಟು ಜಾಗ ತಿಂದಿದೆ ಎಂದು ಎಣಿಸುವ ‘ಡಿಯು -ಎಕ್ಸ್ -ಎಚ್’ ಓಡಿಸಿ, ‘ಸಾರ್ಟ್ -ಎಚ್’ಗೆ ಪೈಪ್ ಮಾಡಿ (ಅಂದರೆ ಒಂದು ಕಮಾಂಡಿನ ಉತ್ತರವನ್ನು ನೇರ ಇನ್ನೊಂದಕ್ಕೆ ಕೊಟ್ಟು), 31 ಜಿಬಿಯ ಡೀಬಗ್ ಲಾಗ್ ಹಿಡಿದರು. ಡಿಯುನಲ್ಲಿ ‘-ಎಕ್ಸ್’ ಹಾಕಿದರೆ ಬೇರೆ ಡಿಸ್ಕ್‌ಗಳೊಳಗೆ ಹೋಗಿ ಲೆಕ್ಕ ಕೆಡಿಸುವುದಿಲ್ಲ.

ಲಾಗನ್ನು ‘ಆರ್‌ಎಂ’ ಮಾಡಿದರು, ಅಂದರೆ ಅಳಿಸಿದರು. ಮತ್ತೆ ಡಿಎಫ್ ಹಾಕಿದರು. ಆಗಲೂ 100%.

ಡಿಯು ಮಾತ್ರ ಈಗ 16 ಜಿಬಿ ಎನ್ನುತ್ತಿತ್ತು. ಡಿಎಫ್ ಪ್ರಕಾರ ಡಿಸ್ಕ್ ತುಂಬಿದೆ, ಡಿಯು ಪ್ರಕಾರ ಮೂರನೇ ಒಂದು ಭಾಗ ಮಾತ್ರ ಬಳಕೆಯಲ್ಲಿದೆ. ಈ ಎರಡು ಕಮಾಂಡುಗಳ ಜಗಳ ಮೊದಲ ಸಲ ನೋಡಿದಾಗ ಯಾರಿಗಾದರೂ ತಲೆ ಕೆಡುತ್ತದೆ.

ಇದರ ಕಾರಣವನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದಿನದ್ದೆಲ್ಲ ಇದರ ಮೇಲೇ ನಿಂತಿದೆ. ಯುನಿಕ್ಸ್‌ನಲ್ಲಿ ಫೈಲಿನ ಹೆಸರು ಬೇರೆ, ಫೈಲು ಬೇರೆ. ಹೆಸರು ಡೈರೆಕ್ಟರಿಯಲ್ಲಿರುತ್ತದೆ. ಅದು ಐನೋಡ್ ಎಂಬ ನಂಬರಿನ ಕಡೆ ಕೈ ತೋರಿಸುತ್ತದೆ. ಡೇಟಾ ಇರುವುದು ಆ ಐನೋಡಿನ ಹಿಂದೆ. ಆರ್‌ಎಂ ಅಳಿಸುವುದು ಹೆಸರನ್ನು. ಯಾವುದಾದರೂ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಆ ಫೈಲನ್ನು ಇನ್ನೂ ತೆರೆದಿಟ್ಟುಕೊಂಡಿದ್ದರೆ ಡೇಟಾ ಹಾಗೆಯೇ ಉಳಿಯುತ್ತದೆ. ಮನೆ ಬಾಗಿಲಿನ ಹೆಸರಿನ ಹಲಗೆ ಕಿತ್ತ ಮಾತ್ರಕ್ಕೆ ಒಳಗಿರುವವರು ಮನೆ ಖಾಲಿ ಮಾಡಿದ ಹಾಗಲ್ಲ, ಅಲ್ವಾ? ಡಿಯು ಹೆಸರುಗಳನ್ನು ಹಿಡಿದು ಎಣಿಸುತ್ತದೆ, ಡಿಎಫ್ ಫೈಲ್‌ಸಿಸ್ಟಮ್ಮನ್ನೇ ಕೇಳುತ್ತದೆ. ನಮ್ಮ ಸರ್ವಿಸ್ ಆ 31 ಜಿಬಿ ಲಾಗನ್ನು ಬಿಟ್ಟಿರಲಿಲ್ಲ.

ಕ ಅವರಿಗೆ ಆಗ ಇದು ಗೊತ್ತಿರಲಿಲ್ಲ. ಇನ್ನೂ ಏನಾದರೂ ಅಳಿಸಬೇಕು ಅಂದುಕೊಂಡರು. ತುಣುಕುಗಳ ಫೈಲು ತೆರೆದರು.

ತುಣುಕು

‘ಹಳೆಯ ತಾತ್ಕಾಲಿಕ ಫೈಲುಗಳನ್ನು ಅಳಿಸಲು’ ಎಂಬ ತಲೆಬರಹದ ಕೆಳಗೆ ಈ ಸಾಲು ಇತ್ತು:

ಫೈಂಡ್ . -ನೇಮ್ '*.ಟಿಎಂಪಿ' -ಎಂಟೈಮ್ +7 | ಎಕ್ಸ್‌ಆರ್ಗ್ಸ್ ಆರ್‌ಎಂ -ಎಫ್

ನೋಡಲು ಏನೂ ತಪ್ಪಿಲ್ಲ. ಈ ಡೈರೆಕ್ಟರಿಯಿಂದ ಕೆಳಗೆ, ಟಿಎಂಪಿ ಎಂದು ಕೊನೆಯಾಗುವ, ಏಳು ದಿನ ದಾಟಿದ ಫೈಲುಗಳನ್ನು ಹುಡುಕಿ ಅಳಿಸು. (‘+7’ ಎಂದರೆ ನಿಜಕ್ಕೂ ಎಂಟು ದಿನ ತುಂಬಿರಬೇಕು, ಫೈಂಡ್ ದಿನದ ಚೂರುಪಾರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಲ್ಲಿ ಅದು ತೊಂದರೆ ಮಾಡಲಿಲ್ಲ.) ಕ ಸುಮ್ನೆ ಓಡಿಸಲೂ ಇಲ್ಲ. ಮೊದಲು ‘ಎಲ್‌ಎಸ್’ ಹಾಕಿ ಡೈರೆಕ್ಟರಿಯಲ್ಲಿ ಏನಿದೆ ಎಂದು ನೋಡಿದರು. ಪಟ್ಟಿ ಉದ್ದವಿತ್ತು, ಅದಕ್ಕೆ ಪುಟ ಪುಟವಾಗಿ ತೋರಿಸುವ ‘ಲೆಸ್’ಗೆ ಪೈಪ್ ಮಾಡಿದರು. ಅದರಲ್ಲಿ ಟಿಎಂಪಿ ಫೈಲುಗಳು ಜಾಸ್ತಿ ಇದ್ದವು. ಕಮಾಂಡು ಓಡಿಸಿದರು. ಎರರ್ ಏನೂ ಬರಲಿಲ್ಲ.

ಆ ಡೈರೆಕ್ಟರಿಯಲ್ಲಿ ಒಂದು ಫೈಲಿನ ಹೆಸರು ‘ಕ್ಯೂ.ಡಿಬಿ ಕಾಪಿ.ಟಿಎಂಪಿ’ ಎಂದಿತ್ತು. ನಡುವೆ ಒಂದು ಸ್ಪೇಸ್. ತಿಂಗಳುಗಳ ಹಿಂದೆ ನಮ್ಮಲ್ಲೇ ಯಾರೋ ಏನೋ ಪರೀಕ್ಷೆ ಮಾಡಲು ಡೇಟಾಬೇಸಿನ ನಕಲು ಮಾಡಿ ಹಾಗೆಯೇ ಬಿಟ್ಟಿದ್ದರು.

ಫೈಂಡ್ ಕೊಟ್ಟ ಹೆಸರುಗಳನ್ನು ಆರ್‌ಎಂಗೆ ದಾಟಿಸುವ ಎಕ್ಸ್‌ಆರ್ಗ್ಸ್ ತನಗೆ ಬಂದದ್ದನ್ನು ಸ್ಪೇಸ್ ಸಿಕ್ಕಲ್ಲೆಲ್ಲ ತುಂಡು ಮಾಡುತ್ತದೆ. ಈ ಒಂದು ಹೆಸರು ಎರಡಾಯಿತು: ‘ಕ್ಯೂ.ಡಿಬಿ’ ಒಂದು, ‘ಕಾಪಿ.ಟಿಎಂಪಿ’ ಇನ್ನೊಂದು. ಮೊದಲನೆಯದು ಇತ್ತು, ಹೋಯಿತು. ಎರಡನೆಯದು ಇರಲೇ ಇಲ್ಲ. ಇಲ್ಲದ ಫೈಲನ್ನು ಅಳಿಸು ಎಂದರೆ ಆರ್‌ಎಂ ಬೊಬ್ಬೆ ಹಾಕಬೇಕಿತ್ತು, ಆದರೆ ‘-ಎಫ್’ ಅದರ ಬಾಯಿ ಮುಚ್ಚಿಸಿತ್ತು.

ಫೈಂಡ್ ತನ್ನ ಕೆಲಸ ಚೊಕ್ಕವಾಗಿ ಮಾಡಿತ್ತು. ಕ್ಯೂ.ಡಿಬಿ ಹೆಸರಿನಲ್ಲಿ ಟಿಎಂಪಿ ಇಲ್ಲ, ಅದು ಹಳೆಯದೂ ಅಲ್ಲ. ಫೈಂಡ್ ಅದನ್ನು ಆರಿಸಲೇ ಇಲ್ಲ. ಎರಡು ಷರತ್ತು ಅದನ್ನು ಕಾಯುತ್ತಿದ್ದವು, ಪೈಪ್ ದಾಟಿದ ಮೇಲೆ ಎರಡೂ ಕೆಲಸಕ್ಕೆ ಬರಲಿಲ್ಲ. ಎಲ್‌ಎಸ್ ನೋಡಿದ್ದೂ ಉಪಯೋಗಕ್ಕೆ ಬರಲಿಲ್ಲ. 2016ರಿಂದ ಜಿಎನ್‌ಯು ಎಲ್‌ಎಸ್ ಸ್ಪೇಸ್ ಇರುವ ಹೆಸರುಗಳಿಗೆ ಕೊಟೇಶನ್ ಗುರುತು ಹಾಕಿ ತೋರಿಸುತ್ತದೆ, ಆದರೆ ನೇರ ಟರ್ಮಿನಲ್ಲಿಗೆ ಬರೆಯುವಾಗ ಮಾತ್ರ. ಪೈಪ್ ಮಾಡಿದರೆ ಗುರುತು ಮಾಯ.

ಸ್ಪೇಸಿನಿಂದ ಇಂಥ ಅನಾಹುತ ಆಗಿದ್ದು ನಮ್ಮಲ್ಲೇ ಮೊದಲೂ ಅಲ್ಲ. 2011ರಲ್ಲಿ ಬಂಬಲ್‌ಬೀ ಎಂಬ ಓಪನ್ ಸೋರ್ಸ್ ಪ್ರಾಜೆಕ್ಟಿನ ಇನ್‌ಸ್ಟಾಲ್ ಸ್ಕ್ರಿಪ್ಟಿನಲ್ಲಿ ‘/ಯುಎಸ್‌ಆರ್’ ಆದ ಮೇಲೆ ಕೈತಪ್ಪಿ ಒಂದು ಸ್ಪೇಸ್ ಬಿದ್ದಿತ್ತು. ‘ಆರ್‌ಎಂ -ಆರ್‌ಎಫ್’ ಒಂದು ಸಣ್ಣ ಡೈರೆಕ್ಟರಿಯ ಬದಲು ಇಡೀ /ಯುಎಸ್‌ಆರ್ ಅಳಿಸಲು ಹೊರಟಿತ್ತು. ಆ ಕಮಿಟ್ ಇವತ್ತಿಗೂ ಡೆವಲಪರ್‌ಗಳ ನಡುವೆ ನಗೆಪಾಟಲಿನ ವಿಷಯ. ನಮಗೆ ಆ ಬೆಳಿಗ್ಗೆ ನಗು ಬರಲಿಲ್ಲ.

ರೀಸ್ಟಾರ್ಟ್ ಮಾಡಿದ್ದರೆ

ಏಳೂವರೆಗೆ ಮ, ನಾನು, ಇನ್ನೊಬ್ಬರು ಕಾಲ್‌ನಲ್ಲಿ ಸೇರಿದೆವು. ಕ ಅಷ್ಟರಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದ್ದರು. ತಾವು ಓಡಿಸಿದ ಎರಡೂ ಕಮಾಂಡುಗಳನ್ನು, ಯಾವ ಡೈರೆಕ್ಟರಿಯಲ್ಲಿ ನಿಂತು ಓಡಿಸಿದರು ಎಂಬುದರ ಜೊತೆಗೆ, ಒಂದಕ್ಷರ ಬಿಡದೆ ಟೀಮಿನ ಚಾಟ್‌ಗೆ ಹಾಕಿದ್ದರು. ಟರ್ಮಿನಲ್ ಮುಚ್ಚಿರಲಿಲ್ಲ. ‘ಏನೋ ಸ್ವಲ್ಪ ಕ್ಲೀನ್ ಮಾಡಿದೆ’ ಎಂದಷ್ಟೇ ಹೇಳಿದ್ದರೆ ಮುಂದೆ ಏನಾಗುತ್ತಿತ್ತೋ.

ಆರ್‌ಎಂ ಮಾಡಿಯೂ ಜಾಗ ಬಂದಿಲ್ಲ ಎಂದು ಕೇಳಿದ ತಕ್ಷಣ ನಾನು ‘ಪ್ರೋಸೆಸ್ ಹಿಡಿದುಕೊಂಡಿದೆ, ರೀಸ್ಟಾರ್ಟ್ ಮಾಡಿ’ ಎಂದೆ. ಇನ್ನೊಬ್ಬರೂ ಅದನ್ನೇ ಹೇಳಿದರು. ಇದು ಪುಸ್ತಕದ ಉತ್ತರ. ಪ್ರೋಸೆಸ್ ಸತ್ತರೆ ಲಾಗ್ ಕೈಬಿಡುತ್ತದೆ, 31 ಜಿಬಿ ವಾಪಸ್. ಕ ರೀಸ್ಟಾರ್ಟ್ ಕಮಾಂಡು ಟೈಪ್ ಕೂಡ ಮಾಡಿದ್ದರು, ಎಂಟರ್ ಒತ್ತುವುದು ಬಾಕಿ.

ಮ ತಡೆದರು. ಅವರಿಗೇನೂ ದಿವ್ಯದೃಷ್ಟಿ ಇರಲಿಲ್ಲ. ಡೇಟಾಬೇಸ್ ಹೋಗಿದೆ ಎಂದು ಆಗ ಯಾರಿಗೂ ಗೊತ್ತಿಲ್ಲ. ‘ಹಿಡಿದಿದೆ ಅಂತ ಊಹೆ ಮಾಡೋದು ಬೇಡ, ಒಂದ್ಸಲ ನೋಡಿಬಿಡೋಣ’ ಎಂದರು ಅಷ್ಟೇ. ಓಡಿಸಿದ್ದು ‘ಸುಡೊ ಎಲ್‌ಎಸ್‌ಒಎಫ್ +ಎಲ್1’ (ಸುಡೊ ಎಂದರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸು). ಇಲ್ಲಿನ ಎಲ್ ದೊಡ್ಡಕ್ಷರ. ಹೆಸರಿನ ಲೆಕ್ಕ ಒಂದಕ್ಕಿಂತ ಕಮ್ಮಿ ಇರುವ, ಅಂದರೆ ಹೆಸರೇ ಇಲ್ಲದೆ ತೆರೆದಿರುವ ಫೈಲುಗಳನ್ನು ತೋರಿಸು ಎಂದು ಅರ್ಥ.

ಒಂದು ಸಾಲು ಬರುತ್ತದೆ ಎಂದು ಕಾಯುತ್ತಿದ್ದೆವು. ಎರಡು ಬಂದವು. ಒಂದೇ ಪ್ರೋಸೆಸ್, ಎರಡು ಫೈಲು. ತೆರೆದ ಪ್ರತಿ ಫೈಲಿಗೂ ಪ್ರೋಸೆಸ್ ಒಂದು ನಂಬರ್ ಇಟ್ಟುಕೊಳ್ಳುತ್ತದೆ. 4ನೇ ನಂಬರಿನಲ್ಲಿ ಡೀಬಗ್ ಲಾಗ್. 9ನೇ ನಂಬರಿನಲ್ಲಿ ಕ್ಯೂ.ಡಿಬಿ. ಎರಡರ ಮುಂದೆಯೂ ‘ಡಿಲೀಟೆಡ್’ ಎಂದು ಬರೆದಿತ್ತು.

ಕಾಲ್‌ನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಯಾವ ಕಾರಣಕ್ಕೆ ಜಾಗ ವಾಪಸ್ ಬಂದಿರಲಿಲ್ಲವೋ ಅದೇ ಕಾರಣಕ್ಕೆ ನಮ್ಮ ಡೇಟಾಬೇಸ್ ಇನ್ನೂ ಉಸಿರಾಡುತ್ತಿತ್ತು. ರೀಸ್ಟಾರ್ಟ್ ಮಾಡಿದ್ದರೆ ಡಿಸ್ಕಿನ ತೊಂದರೆ ಒಂದೇ ಕ್ಷಣದಲ್ಲಿ ಪರಿಹಾರವಾಗುತ್ತಿತ್ತು, ಡೇಟಾಬೇಸ್ ಸಮೇತ. ನಾವೆಲ್ಲ ಖುಷಿಯಾಗಿ ಕಾಲ್ ಕಟ್ ಮಾಡುತ್ತಿದ್ದೆವು.

ಬ್ಯಾಕಪ್ ಇರಲಿಲ್ಲವಾ ಎಂದು ಕೇಳಬಹುದು. ಇತ್ತು. ರಾತ್ರಿ ಎರಡು ಗಂಟೆಗೆ ಡೇಟಾಬೇಸಿನ ಡಂಪ್ (ಪೂರ್ತಿ ನಕಲು) ತೆಗೆದು ‘>’ ಗುರುತಿನಿಂದ ಹಿಂದಿನ ದಿನದ ಫೈಲಿನ ಮೇಲೇ ಬರೆಯುವ ಒಂದು ಸಾಲಿನ ಸ್ಕ್ರಿಪ್ಟ್, ಅದೇ ಡಿಸ್ಕಿನಲ್ಲಿ. ‘>’ ಇದ್ದರೆ ಶೆಲ್ (ನಾವು ಟೈಪ್ ಮಾಡಿದ ಕಮಾಂಡುಗಳನ್ನು ಓಡಿಸುವ ಪ್ರೋಗ್ರಾಂ) ಮೊದಲು ಆ ಫೈಲನ್ನು ಖಾಲಿ ಮಾಡುತ್ತದೆ, ಆಮೇಲೆ ಕಮಾಂಡು ಓಡಿಸುತ್ತದೆ. ಎರಡು ಗಂಟೆಗೆ ಹಳೆಯ ಬ್ಯಾಕಪ್ ಖಾಲಿಯಾಯಿತು. ಲಾಗ್ ಆ ಜಾಗವನ್ನೂ ನುಂಗಿತು. ಬೆಳಿಗ್ಗೆ ನೋಡಿದರೆ ಬ್ಯಾಕಪ್ ಸೊನ್ನೆ ಬೈಟ್.

ಹಿಂದಕ್ಕೆ ತಂದದ್ದು

ಇನ್ನು ಅವಸರ ಬೇಡ ಎಂದು ತೀರ್ಮಾನಿಸಿದೆವು. ಪ್ರೋಸೆಸ್ ಬದುಕಿರುವವರೆಗೆ ಡೇಟಾಬೇಸ್ ಸುರಕ್ಷಿತ. ಅದನ್ನು ಯಾರೂ ಮುಟ್ಟದ ಹಾಗೆ ನೋಡಿಕೊಳ್ಳಬೇಕು, ಅಷ್ಟೇ. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನಲ್ಲಿ ಹದಿನೈದು ನಿಮಿಷಕ್ಕೊಮ್ಮೆ ಕ್ಯೂ.ಡಿಬಿ ತೆರೆಯುವ ಒಂದು ಸ್ಕ್ರಿಪ್ಟ್ ಇತ್ತು, ಅದನ್ನು ಮೊದಲು ನಿಲ್ಲಿಸಿದೆವು. ಆ ಹೆಸರಿನಲ್ಲಿ ಫೈಲು ಇಲ್ಲದಿದ್ದರೆ ಎಸ್‌ಕ್ಯೂಲೈಟ್ ಸುಮ್ನೆ ಒಂದು ಹೊಸ ಖಾಲಿ ಫೈಲು ಮಾಡಿಕೊಳ್ಳುತ್ತದೆ. ಆಮೇಲೆ ಯಾವುದು ಅಸಲಿ ಯಾವುದು ನಕಲಿ ಎಂಬ ಗೊಂದಲ ಬೇರೆ.

ನಂತರ ಜಾಗ. ಪ್ರೋಸೆಸ್ ಕೊಲ್ಲದೆ ಲಾಗ್ ಖಾಲಿ ಮಾಡಬೇಕು. ಲಿನಕ್ಸ್‌ನಲ್ಲಿ ಪ್ರತಿ ಪ್ರೋಸೆಸ್ ತೆರೆದಿಟ್ಟ ಫೈಲುಗಳು ‘/ಪ್ರಾಕ್/ಪಿಐಡಿ/ಎಫ್‌ಡಿ’ (ಪಿಐಡಿ ಎಂದರೆ ಆ ಪ್ರೋಸೆಸ್ಸಿನ ನಂಬರ್) ಡೈರೆಕ್ಟರಿಯಲ್ಲಿ ನಂಬರ್ ಪ್ರಕಾರ ಕಾಣುತ್ತವೆ. ಹೆಸರು ಕಳೆದುಕೊಂಡ ಫೈಲನ್ನೂ ಅಲ್ಲಿಂದ ಮುಟ್ಟಬಹುದು. ನಾನು ‘ಸುಡೊ’ ಹಾಕಿ ‘>’ ಗುರುತಿನಿಂದ ಖಾಲಿ ಮಾಡಲು ಹೋಗಿ ಪರ್ಮಿಶನ್ ಎರರ್ ತಿಂದೆ. ‘>’ ಕೆಲಸ ಮಾಡುವುದು ನನ್ನ ಶೆಲ್, ಸುಡೊ ಅಲ್ಲ. ಇದು ಗೊತ್ತಿದ್ದೂ ಪ್ರತಿ ಸಲ ಬೀಳುವ ಹಳ್ಳ. ‘ಸುಡೊ ಟ್ರಂಕೇಟ್ -ಎಸ್ 0’ ಎಂದು ಬರೆದು, ಮುಂದೆ 4ನೇ ನಂಬರಿನ ದಾರಿ ಕೊಟ್ಟಾಗ ಡಿಎಫ್ ದಡಕ್ಕನೆ ಇಳಿಯಿತು. ನಮ್ಮ ಲಾಗ್ ಅಪೆಂಡ್ ಮೋಡ್‌ನಲ್ಲಿ (ಯಾವಾಗಲೂ ಫೈಲಿನ ಕೊನೆಗೇ ಬರೆಯುವ ರೀತಿ) ತೆರೆದಿತ್ತು, ಹಾಗಾಗಿ ಮುಂದಿನ ಸಾಲು ಸೊನ್ನೆಯಿಂದ ಶುರುವಾಯಿತು. ಅಪೆಂಡ್ ಇಲ್ಲದಿದ್ದರೆ ಪ್ರೋಸೆಸ್ ಹಳೆಯ ಜಾಗದಿಂದಲೇ ಬರೆಯಲು ಮುಂದುವರಿಸುತ್ತದೆ, ಫೈಲು ಸೈಜಿನಲ್ಲಿ 31 ಜಿಬಿ ಎಂದೇ ತೋರಿಸುತ್ತದೆ, ಒಳಗೆ ಟೊಳ್ಳು.

ಈಗ ಡೇಟಾಬೇಸ್. ಬರೆಯುತ್ತಿರುವಾಗಲೇ ಕಾಪಿ ಮಾಡಿದರೆ ಅರ್ಧ ಹಳೆಯದು ಅರ್ಧ ಹೊಸದು ಸಿಗಬಹುದು. ‘ಕಿಲ್ -ಸ್ಟಾಪ್’ ಕೊಟ್ಟು ಪ್ರೋಸೆಸನ್ನು ಇದ್ದಲ್ಲೇ ನಿಲ್ಲಿಸಿದೆವು. ಇದು ಕೊಲ್ಲುವುದಲ್ಲ, ಹೆಪ್ಪುಗಟ್ಟಿಸುವುದು. ಫೈಲುಗಳು ತೆರೆದೇ ಇರುತ್ತವೆ.

ಮ ಅಭ್ಯಾಸಬಲದಿಂದ ‘ಸಿಪಿ -ಎ’ ಹಾಕಿದರು. ಬಂದದ್ದು ಕೆಲವೇ ಬೈಟಿನ ಒಂದು ಮುರಿದ ಲಿಂಕ್! /ಪ್ರಾಕ್ ಒಳಗಿನ ಆ ನಂಬರುಗಳು ನೋಡಲು ಸಿಮ್‌ಲಿಂಕ್‌ಗಳು, ಅಂದರೆ ಬೇರೆ ಫೈಲಿನ ಕಡೆ ಕೈ ತೋರಿಸುವ ಲಿಂಕ್‌ಗಳು. ‘-ಎ’ ಎಂದರೆ ಲಿಂಕನ್ನು ಲಿಂಕ್ ಆಗಿಯೇ ಕಾಪಿ ಮಾಡು ಎಂದೂ ಅರ್ಥ. ‘ಸಿಪಿ -ಪಿ’ ಹಾಕಿದಾಗ 640 ಎಂಬಿ ಬಂತು, ಓನರ್ ಮತ್ತು ಪರ್ಮಿಶನ್ ಸಮೇತ.

ಡೇಟಾಬೇಸ್ ವಾಲ್ (ರೈಟ್-ಅಹೆಡ್ ಲಾಗ್) ಮೋಡ್‌ನಲ್ಲಿತ್ತು. ಹೊಸ ಬರಹಗಳಲ್ಲಿ ಸ್ವಲ್ಪ ಭಾಗ ಪಕ್ಕದ ‘ಕ್ಯೂ.ಡಿಬಿ-ವಾಲ್’ ಫೈಲಿನಲ್ಲಿರುತ್ತದೆ. ಅದರ ಹೆಸರು ಅಳಿಸಿರಲಿಲ್ಲ. ಎರಡನ್ನೂ ಬೇರೆ ಡೈರೆಕ್ಟರಿಯಲ್ಲಿ ಇದೇ ಹೆಸರಿನಲ್ಲಿ ಜೋಡಿಯಾಗಿ ಇಟ್ಟು, ಅಲ್ಲಿ ಡೇಟಾಬೇಸ್ ಕೆಟ್ಟಿದೆಯೇ ಎಂದು ನೋಡುವ ‘ಪ್ರಾಗ್ಮಾ ಇಂಟೆಗ್ರಿಟಿ_ಚೆಕ್’ ಓಡಿಸಿದೆವು. ‘ಓಕೆ’ ಎಂದು ಬಂತು.

ಕೊನೆಯ ಹೆಜ್ಜೆಯ ಬಗ್ಗೆ ಜಾಸ್ತಿ ಹೊತ್ತು ಚರ್ಚೆಯಾಯಿತು. ಸರ್ವಿಸನ್ನು ಸಭ್ಯವಾಗಿ ನಿಲ್ಲಿಸಿದರೆ ಅದು ಹೋಗುವ ಮುಂಚೆ ವಾಲ್‌ನಲ್ಲಿದ್ದುದನ್ನು ಮುಖ್ಯ ಫೈಲಿಗೆ, ಅಂದರೆ ಹೆಸರಿಲ್ಲದ ಆ ಫೈಲಿಗೆ, ಬರೆದು ವಾಲ್ ಫೈಲನ್ನು ಅಳಿಸಿ ಹೋಗಬಹುದು. ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಯ ‘ಸಿಸ್ಟಮ್‌ಸಿಟಿಎಲ್ ಸ್ಟಾಪ್’ ಕೂಡ ಬೇಡ, ಅದು ನಿಲ್ಲಿಸುವ ಸಿಗ್ನಲ್ ಜೊತೆಗೇ ಪ್ರೋಸೆಸನ್ನು ಎಬ್ಬಿಸುವ ಸಿಗ್ನಲ್ಲನ್ನೂ ಕಳಿಸುತ್ತದೆ. ಹೆಪ್ಪುಗಟ್ಟಿದ ಪ್ರೋಸೆಸ್ಸನ್ನು ಎಬ್ಬಿಸದೆ ಕೊಲ್ಲುವುದು ‘ಕಿಲ್ -9’ ಒಂದೇ. ಸಾಮಾನ್ಯವಾಗಿ ಡೇಟಾಬೇಸ್ ಇರುವ ಪ್ರೋಸೆಸ್ಸಿಗೆ -9 ಕೊಡಬೇಡಿ ಎನ್ನುವವನು ನಾನು. ಇಲ್ಲಿ ಅದೇ ಸರಿಯಾದ ದಾರಿಯಾಗಿತ್ತು. ಸತ್ತ ಕೂಡಲೇ ಸಿಸ್ಟಮ್‌ಡಿ ಸರ್ವಿಸನ್ನು ತಾನಾಗಿಯೇ ಮತ್ತೆ ಎಬ್ಬಿಸುವ ಸೆಟ್ಟಿಂಗ್ ಇತ್ತು. ಹಾಗಾಗಿ ಕಾಪಿ ಮಾಡಿದಂತೆಯೇ ಇದ್ದ ಇನ್ನೊಂದು ಪ್ರತಿಯನ್ನು ಮೊದಲು ಅದರ ಹಳೆಯ ಜಾಗದಲ್ಲಿ, ವಾಲ್ ಪಕ್ಕದಲ್ಲಿ ಇಟ್ಟೆವು. ಆಮೇಲೆ ಕೊಂದೆವು.

ಸರ್ವಿಸ್ ಎದ್ದಿತು. ಜಾಗ ಸಿಕ್ಕ ಮೇಲೆ, ಹೆಪ್ಪುಗಟ್ಟಿಸುವ ಮುಂಚೆ ಬಂದಿದ್ದ ಕೆಲಸಗಳೂ ಸಾಲಿನಲ್ಲಿದ್ದವು. ಎಂಟೂ ಇಪ್ಪತ್ತು.

ತುಣುಕಿನ ಹಿಂದಿನ ಕಥೆ

ಮಧ್ಯಾಹ್ನ ನಾನು ‘ಗಿಟ್ ಲಾಗ್ -ಎಸ್’ ಹಾಕಿ ಆ ಸಾಲಿನ ಚರಿತ್ರೆ ಹುಡುಕಿದೆ. ಇಲ್ಲೂ ಎಸ್ ದೊಡ್ಡಕ್ಷರ. ಒಂದು ಪದ ಯಾವ ಕಮಿಟ್‌ನಲ್ಲಿ ಬಂತು, ಯಾವುದರಲ್ಲಿ ಹೋಯಿತು ಎಂದು ಅದು ಹೇಳುತ್ತದೆ. ಗಿಟ್ ಬ್ಲೇಮ್ ಈಗಿರುವ ಸಾಲುಗಳ ಬಗ್ಗೆ ಮಾತ್ರ ಹೇಳುತ್ತದೆ, ಹೋದವುಗಳ ಬಗ್ಗೆ ಅಲ್ಲ.

ನಾಲ್ಕು ವರ್ಷದ ಹಿಂದೆ ಮ ಅವರೇ ಬರೆದ ತುಣುಕು ಅದು. ಆಗ ಆ ಡೈರೆಕ್ಟರಿಯಲ್ಲಿ ಫೈಲುಗಳಿಗೆ ಹೆಸರಿಡುತ್ತಿದ್ದುದು ಪ್ರೋಗ್ರಾಂ, ಮನುಷ್ಯರಲ್ಲ. ತುಣುಕಿನ ಮೇಲೆ ಒಂದು ಕಾಮೆಂಟ್ ಕೂಡ ಇತ್ತು: ‘ಇಲ್ಲಿ ಹೆಸರುಗಳು ಬರೀ ಅಂಕಿ, ಅದಕ್ಕೆ ನಡೆಯುತ್ತದೆ. ಬೇರೆ ಕಡೆ ಬಳಸಬೇಡಿ.’ ಎರಡು ವರ್ಷದ ಹಿಂದೆ ಫೈಲು ಉದ್ದವಾಯಿತೆಂದು ಯಾರೋ ಕಾಮೆಂಟುಗಳನ್ನೆಲ್ಲ ತೆಗೆದು ಚೊಕ್ಕ ಮಾಡಿದ್ದರು. ಆ ಕಮಿಟ್ ನನ್ನದೇ.

ಕ ಅವರ ತಪ್ಪು ಎಷ್ಟು ಎಂಬ ಮಾತು ಅಲ್ಲಿಗೆ ನಿಂತಿತು.

ತುಣುಕನ್ನು ಹೀಗೆ ಬದಲಾಯಿಸಿದೆವು. ಮೊದಲ ಸಾಲು ನೋಡಲು:

ಫೈಂಡ್ . -ಟೈಪ್ ಎಫ್ -ನೇಮ್ '*.ಟಿಎಂಪಿ' -ಎಂಟೈಮ್ +7 -ಪ್ರಿಂಟ್

ಎರಡನೆಯದು ಅದೇ ಸಾಲು, ಕೊನೆಯಲ್ಲಿ ‘-ಪ್ರಿಂಟ್’ ಬದಲು ‘-ಡಿಲೀಟ್’. ಪೈಪ್ ಇಲ್ಲ, ತುಂಡಾಗುವ ಪ್ರಶ್ನೆಯೇ ಇಲ್ಲ. ಆದರೆ ‘-ಡಿಲೀಟ್’ ಕೊನೆಯಲ್ಲೇ ಇರಬೇಕು. ಫೈಂಡ್ ಷರತ್ತುಗಳನ್ನು ಎಡದಿಂದ ಬಲಕ್ಕೆ ನೋಡುತ್ತದೆ. ಅದನ್ನು ಮೊದಲು ಬರೆದರೆ ಹೆಸರು ನೋಡುವ ಮುಂಚೆಯೇ ಎಲ್ಲ ಅಳಿಸಿಬಿಡುತ್ತದೆ. ಇದು ಹಳೆಯ ತುಣುಕಿಗಿಂತ ದೊಡ್ಡ ಗುಂಡಿ, ಅದಕ್ಕೆ ಈ ಮಾತನ್ನು ತುಣುಕಿನ ಪಕ್ಕದಲ್ಲೇ ಬರೆದಿಟ್ಟೆವು. ಬೇರೆ ಕಮಾಂಡಿಗೆ ಕೊಡಬೇಕಾದಾಗ ‘-ಪ್ರಿಂಟ್0’ ಮತ್ತು ‘ಎಕ್ಸ್‌ಆರ್ಗ್ಸ್ -0’ ಜೋಡಿ. ಫೈಲಿನ ಹೆಸರಿನಲ್ಲಿ ಸ್ಲ್ಯಾಶ್ ಮತ್ತು ಸೊನ್ನೆ ಬೈಟ್ (ಬೆಲೆ ಸೊನ್ನೆ ಇರುವ ‘ನಲ್’ ಅಕ್ಷರ) ಬಿಟ್ಟು ಬೇರೆ ಏನು ಬೇಕಾದರೂ ಇರಬಹುದು, ಹೊಸ ಸಾಲು ಕೂಡ. ಹಾಗಾಗಿ ನಂಬಬಹುದಾದ ಗಡಿ ಸೊನ್ನೆ ಬೈಟ್ ಒಂದೇ. ಈ ಜೋಡಿ ಯುನಿಕ್ಸ್ ಕಮಾಂಡುಗಳ ಸ್ಟ್ಯಾಂಡರ್ಡ್ ಆದ ಪಾಸಿಕ್ಸ್‌ನ 2024ರ ಆವೃತ್ತಿಗೂ ಸೇರಿದೆ.

ಬ್ಯಾಕಪ್ ಈಗ ಬೇರೆ ಯಂತ್ರಕ್ಕೆ ಹೋಗುತ್ತದೆ. ಹೊಸ ಹೆಸರಿಗೆ ಬರೆದು, ಪರೀಕ್ಷಿಸಿ, ಆಮೇಲಷ್ಟೇ ‘ಎಂವಿ’ ಮಾಡುತ್ತದೆ, ಅಂದರೆ ಹೆಸರು ಬದಲಾಯಿಸುತ್ತದೆ. ಲಾಗ್‌ರೊಟೇಟ್ ಸೆಟ್ಟಿಂಗ್ ಸರಿಮಾಡಲು ಎರಡು ನಿಮಿಷ ಸಾಕಾಯಿತು.

ತುಣುಕುಗಳ ಫೈಲನ್ನು ಕ ವಹಿಸಿಕೊಂಡರು. ಇನ್ನೂರರಲ್ಲಿ ಅರ್ಧಕ್ಕೂ ಜಾಸ್ತಿ ಸಾಲುಗಳನ್ನು ಕಿತ್ತುಹಾಕಿದರು. ಉಳಿದ ಪ್ರತಿಯೊಂದರ ಮೇಲೂ ಎರಡು ಸಾಲು ಇದೆ: ಇದು ಏನನ್ನು ನಂಬಿಕೊಂಡು ಬರೆದದ್ದು, ಇದು ಏನನ್ನಾದರೂ ಅಳಿಸುತ್ತದೆಯೇ. ಅಳಿಸುವ ತುಣುಕುಗಳನ್ನು ಮೊದಲು ಓಡಿಸಿ ನೋಡಲು ಒಂದು ಪ್ರಯೋಗದ ಡೈರೆಕ್ಟರಿಯನ್ನೂ ಮಾಡಿದರು. ಅದರಲ್ಲಿ ಬೇಕೆಂದೇ ಕೆಟ್ಟ ಹೆಸರಿನ ಫೈಲುಗಳಿವೆ. ಡ್ಯಾಶ್‌ನಿಂದ ಶುರುವಾಗುವ ಒಂದು, ಹೆಸರಿನಲ್ಲಿ ಹೊಸ ಸಾಲು ಇರುವ ಒಂದು.

ಅದನ್ನು ಮಾಡುವಾಗಲೇ ಅವರಿಗೆ ನೆನಪಾದದ್ದು. ‘ಕ್ಯೂ.ಡಿಬಿ ಕಾಪಿ.ಟಿಎಂಪಿ’ಯನ್ನು ಆ ದಿನ ಯಾವ ಕಮಾಂಡೂ ಅಳಿಸಿರಲಿಲ್ಲ. ಅದರ ಪೂರ್ತಿ ಹೆಸರು ಆರ್‌ಎಂಗೆ ತಲುಪಿಯೇ ಇರಲಿಲ್ಲ. ಹೋಗಿ ನೋಡಿದರೆ ಅಲ್ಲೇ ಕೂತಿತ್ತು. ಅದನ್ನು ಖಾಲಿ ಮಾಡಿ, ಹೆಸರು ಬದಲಾಯಿಸದೆ, ಪ್ರಯೋಗದ ಡೈರೆಕ್ಟರಿಗೆ ಸರಿಸಿದರು. ಎಂವಿ ಮಾಡುವಾಗ ಹೆಸರಿನ ಸುತ್ತ ಕೊಟೇಶನ್ ಗುರುತು ಹಾಕಿದ್ದನ್ನು ಎರಡು ಸಲ ನೋಡಿಕೊಂಡರು.